ಬೋರ್ಡಿನ ಮೇಲೆ ಕೂತ ಜಾತಿ

ಬೆಂಗಳೂರು ಹಗಲೂ ರಾತ್ರಿ ತಿನ್ನುತ್ತಿದೆ. ಬೆಳಿಗ್ಗೆ ಗಾಂಧಿಬಜಾರಿನಲ್ಲಿ ದೋಸೆ, ಮಧ್ಯಾಹ್ನ ದೊನ್ನೆ ಬಿರಿಯಾನಿ, ಸಂಜೆ ವಿಶ್ವೇಶ್ವರಪುರದ ತಿಂಡಿಬೀದಿಯಲ್ಲಿ ಹೋಳಿಗೆ, ಚಳಿಗಾಲಕ್ಕೆ ಅವರೆಬೇಳೆ ಮೇಳ. ಇಂದಿರಾನಗರಕ್ಕೆ ಹೋದರೆ ಜಪಾನಿನ ಹಸಿ ಮೀನೂ ಸಿಗುತ್ತದೆ. ಇದನ್ನೆಲ್ಲ ಕಂಡ ಬುದ್ಧಿವಂತರು, ನಗರದ ಹೋಟೆಲು ಜಾತಿಯನ್ನು ಕೊಂದುಹಾಕಿತು ಅಂತ ಷರಾ ಬರೆಯುತ್ತಾರೆ.

ಸ್ವಲ್ಪ ತಡೀರಿ ಸ್ವಾಮಿ. ಹೋಟೆಲಿನ ಬಾಗಿಲು ನಮಗೆ ತೆರೆದದ್ದು ಮಾಲೀಕರ ದೊಡ್ಡ ಮನಸ್ಸಿನಿಂದಲ್ಲ. ಅಂಗಡಿ ಹೋಟೆಲುಗಳಿಗೆ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಕೂಡದು ಎಂದದ್ದು 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೇ ವಿಧಿ. 1983ರಲ್ಲಿ ಜಯನಗರದಲ್ಲಿ ಶುರುವಾದ ದರ್ಶಿನಿಯಲ್ಲಿ ಕೂಪನ್ ಕೇಳಿದರು, ಕುಲ ಕೇಳಲಿಲ್ಲ. ಊರ ಹೋಟೆಲಿನ ಸೂರಿಗೆ ಸಿಕ್ಕಿಸಿದ ಬೇರೆ ಲೋಟದಲ್ಲಿ ಟೀ ಕುಡಿದವರಿಗೆ ಇದು ಸಣ್ಣ ಮಾತಲ್ಲ. ಒಪ್ಪೋಣ.

ಆದರೆ ತಲೆ ಎತ್ತಿ ಬೋರ್ಡು ಓದಿ. ಅಯ್ಯಂಗಾರ್ ಬೇಕರಿ. ಬ್ರಾಹ್ಮಣರ ಕಾಫಿ ಬಾರ್. ಗೌಡ್ರ ಮಿಲ್ಟ್ರಿ ಹೋಟೆಲ್. ಇಲ್ಲಿ ಜಾತಿಯೇ ರುಚಿಗೆ ಸರ್ಟಿಫಿಕೇಟು! ಹೊಲೇರ ಹೋಟೆಲು, ಮಾದಿಗರ ಖಾನಾವಳಿ ಅಂತ ಬಸವನಗುಡಿಯಲ್ಲಿ ಒಂದು ಬೋರ್ಡು ಹಾಕಿ ನೋಡೋಣ. ಎಷ್ಟು ಜನ ಒಳಗೆ ಬರ್ತಾರೆ? ಒಬ್ಬರ ಜಾತಿಯ ಹೆಸರು ಬಾಯಲ್ಲಿ ನೀರೂರಿಸುತ್ತದೆ, ಇನ್ನೊಬ್ಬರದು ಬೈಗುಳವಾಗುತ್ತದೆ. ಸತ್ತ ಜಾತಿ ಹೀಗಿರುತ್ತದೆಯೇ?

ಇನ್ನು ‘ಶುದ್ಧ ಸಸ್ಯಾಹಾರಿ’. ಸೊಪ್ಪು ತಿನ್ನುವವರು ತಿನ್ನಲಿ, ಅದು ಅವರ ಹೊಟ್ಟೆ. ‘ಶುದ್ಧ’ ಯಾಕೆ? ಅವರದು ಶುದ್ಧವಾದರೆ ನಮ್ಮ ತಟ್ಟೆಯಲ್ಲಿರುವುದು ಏನು? 2024ರ ಮಾರ್ಚಿನಲ್ಲಿ ಜೊಮ್ಯಾಟೊ ಕಂಪನಿ, ಸಸ್ಯಾಹಾರ ಹೊರಲು ಬೇರೆ ಹುಡುಗರು, ಬೇರೆ ಹಸಿರು ಅಂಗಿ ಎಂದು ಸಾರಿತು. ಜನ ಉಗಿದರು. ಮರುದಿನವೇ ಹಸಿರು ಅಂಗಿ ಕಳಚಿತು, ಬೇರೆ ಪಡೆಯನ್ನು ಮಾತ್ರ ಕಂಪನಿ ಬಿಡಲಿಲ್ಲ. ಊರ ಹೋಟೆಲಿನ ಬೇರೆ ಲೋಟ ಮೊಬೈಲಿನೊಳಗೆ ಬಂದು ಕೂತಿತು, ಅಷ್ಟೆ.

ಜಗತ್ತಿನ ಅಡುಗೆಗೆಲ್ಲ ಜಾಗವಿರುವ ಈ ನಗರದಲ್ಲಿ ನಮ್ಮ ಕೇರಿಯ ಅಡುಗೆಗೆ ಕಾನೂನಿನ ಕಾವಲು. 2021ರಲ್ಲಿ ಜಾರಿಗೆ ಬಂದ ಕಾಯ್ದೆ ಹಸು, ಎತ್ತು, ಹೋರಿಗಳನ್ನೂ 13 ವರ್ಷದೊಳಗಿನ ಎಮ್ಮೆಕೋಣಗಳನ್ನೂ ಕಡಿಯಕೂಡದೆಂದಿತು. ಅವ್ವಂದಿರು ಬಿಸಿಲಿಗೆ ಒಣಗಿಸಿ ಮಳೆಗಾಲಕ್ಕೆ ಇಟ್ಟುಕೊಳ್ಳುತ್ತಿದ್ದ ಬಡವರ ಬಾಡಿನ ಮೇಲೆ ಪೊಲೀಸರ ಕಣ್ಣು ಬಿತ್ತು. ನಮ್ಮ ಅಡುಗೆ ಬೇಡ, ನಮ್ಮ ಕೈ ಮಾತ್ರ ಬೇಕು. ತಿಂಡಿಬೀದಿಯ ಎಂಜಲು ಬಳಿಯುವ ಪೌರಕಾರ್ಮಿಕರು ಯಾವ ಕೇರಿಯವರು ಅಂತ ಯಾರೂ ಬೋರ್ಡು ಹಾಕುವುದಿಲ್ಲ. ಹಾಕದೆಯೇ ಎಲ್ಲರಿಗೂ ಗೊತ್ತು.

ಹಳ್ಳಿಯ ಮೇಷ್ಟ್ರುಗಳೇ, ದಲಿತ ಹೆಂಗಸು ಬೇಯಿಸಿದ ಬಿಸಿಯೂಟ ಬೇಡವೆಂದು ಮಕ್ಕಳು ತಟ್ಟೆ ಸರಿಸಿದಾಗ ಹಳ್ಳಿಗರ ಅಜ್ಞಾನ ಅಂತ ಕೈ ತೊಳೆದುಕೊಳ್ಳಬೇಡಿ. ಓದಿದ ನಗರ ಬಣ್ಣದ ಬೋರ್ಡಿನಲ್ಲಿ ಬರೆದದ್ದನ್ನೇ ಆ ಮಕ್ಕಳು ಬಾಯಿಬಿಟ್ಟು ಹೇಳಿದ್ದಾರೆ. ಗೆಳೆಯರೇ, ಒಳಗೆ ಕೂತು ತಿನ್ನುವ ಹಕ್ಕನ್ನು ಪಡೆದದ್ದಾಯಿತು. ಇನ್ನು ಬೇಯಿಸುವ, ಬಡಿಸುವ, ನಮ್ಮ ಹೆಸರಲ್ಲೇ ಬೋರ್ಡು ಹಾಕುವ ಹಕ್ಕು ಬೇಕು. ಗಲ್ಲಾಪೆಟ್ಟಿಗೆಯ ಮುಂದೆ ನಿಂತದ್ದು ಸಾಕು, ಅದರ ಹಿಂದೆಯೂ ಕೂರಬೇಕು.