ಕ್ಯಾಮೆರಾ ಕಪ್ಪಾಯ್ತಾ? ಫಾರ್ಮ್ಯಾಟ್ ಮಾಡಿಸುವ ಮೊದಲು ಇಷ್ಟು ನೋಡಿ

ನಮ್ಮ ಫೋನು, ನಮ್ಮ ಕೈ – ತಿಂಗಳ ಅಂಕಣ

ಅಲ್ ಕೂಜ್‌ನ ಕ್ಯಾಂಪಿನಲ್ಲಿರುವ ಓದುಗರೊಬ್ಬರು ಕೇಳಿದ್ದಾರೆ: "ಸರ್, ಕ್ಯಾಮೆರಾ ತೆರೆದ್ರೆ ಬರೀ ಕಪ್ಪು. ಊರಿಗೆ ವಿಡಿಯೊ ಕಾಲ್ ಮಾಡಿದ್ರೆ ಅವರ ಮುಖ ನನಗೆ ಕಾಣುತ್ತೆ, ನನ್ನ ಮುಖ ಅವರಿಗೆ ಕಾಣಲ್ಲ. ಅಂಗಡಿಯವನು ಫಾರ್ಮ್ಯಾಟ್ ಮಾಡಿದ್ರೆ ಸರಿಹೋಗುತ್ತೆ ಅಂತಾನೆ. ಮಾಡಿಸ್ಲಾ?"

ಈಗಲೇ ಬೇಡ. ಫಾರ್ಮ್ಯಾಟ್ ಮಾಡಿದರೆ ಹೋಗೋದು ಫೋಟೋ ಮಾತ್ರ ಅಲ್ಲ. ಬ್ಯಾಂಕ್ ಆ್ಯಪ್, ಹಣ ಕಳಿಸುವ ಆ್ಯಪ್, ಯುಎಇ ಪಾಸ್ ಎಲ್ಲದಕ್ಕೂ ಮತ್ತೆ ಲಾಗಿನ್ ಆಗಬೇಕು. ಊರಿನ ಬ್ಯಾಂಕಿನ ಒಟಿಪಿ ಬರೋದು ಊರಿನ ಸಿಮ್‌ಗೆ. ಅದು ರೀಚಾರ್ಜ್ ಇಲ್ಲದೆ ಮಲಗಿದ್ದರೆ ಕೆಲಸ ಅಲ್ಲಿಗೇ ನಿಂತಿತು. ಇನ್ನೊಂದು ಮಾತು ಬಹಳ ಮಂದಿಗೆ ಹೊಳೆಯೋದಿಲ್ಲ: ಇಂಥ ಆ್ಯಪ್‌ಗಳು ಹೊಸದಾಗಿ ಲಾಗಿನ್ ಆಗುವಾಗ ಮುಖ ತೋರಿಸಿ ಅಂತ ಕೇಳಬಹುದು. ಕ್ಯಾಮೆರಾವೇ ಕೆಟ್ಟಿದ್ದರೆ ಮುಖ ತೋರಿಸೋದು ಹೇಗೆ? ಹಾಗಾಗಿ ಫಾರ್ಮ್ಯಾಟ್ ಅನ್ನೋದು ಕಟ್ಟಕಡೆಯ ಮದ್ದು. ಮೊದಲು ಕೆಳಗಿನದನ್ನು ಒಂದೊಂದಾಗಿ ನೋಡಿ. ದುಡ್ಡು ಖರ್ಚಿಲ್ಲ, ಅರ್ಧ ಗಂಟೆಯ ಕೆಲಸ.

ಕೆಟ್ಟಿದ್ದು ಕ್ಯಾಮೆರಾವೋ, ಆ್ಯಪೋ?

ಫೋನಿನ ಜೊತೆಗೇ ಬಂದ ಕ್ಯಾಮೆರಾ ಆ್ಯಪ್ ತೆರೆಯಿರಿ. ಅಲ್ಲಿ ಚಿತ್ರ ಚೆನ್ನಾಗಿ ಬಂದು, ಕಾಲ್ ಮಾಡುವಾಗ ಮಾತ್ರ ಬರದಿದ್ದರೆ ಕ್ಯಾಮೆರಾ ಸರಿಯಾಗೇ ಇದೆ. ಆ ಆ್ಯಪ್‌ಗೆ ಅನುಮತಿ ಇಲ್ಲ ಅಷ್ಟೇ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಆಮೇಲೆ ಆ್ಯಪ್ಸ್, ಆಮೇಲೆ ಆ ಆ್ಯಪ್‌ನ ಹೆಸರು, ಪರ್ಮಿಷನ್ಸ್, ಕ್ಯಾಮೆರಾ ಒತ್ತಿ 'ಅಲೋ' ಮಾಡಿ. ಐಫೋನಿನಲ್ಲಿ ಸೆಟ್ಟಿಂಗ್ಸ್ ಒಳಗೆ 'ಪ್ರೈವಸಿ ಆ್ಯಂಡ್ ಸೆಕ್ಯುರಿಟಿ', ಅದರೊಳಗೆ ಕ್ಯಾಮೆರಾ. ಅಂದಹಾಗೆ, ಯುಎಇಯಲ್ಲಿ ವಾಟ್ಸಾಪ್ ಕಾಲ್ ಕನೆಕ್ಟ್ ಆಗದಿದ್ದರೆ ಕ್ಯಾಮೆರಾವನ್ನು ಬೈಯಬೇಡಿ; ಇಲ್ಲಿ ಆ ಕಾಲ್‌ಗೆ ನಿರ್ಬಂಧ ಇದೆ. ಅದಕ್ಕೇ ನಾವೆಲ್ಲ ಬೋಟಿಮ್‌ನಂಥ ಆ್ಯಪ್ ಬಳಸೋದು.

ಫೋನಿನ ಸ್ವಂತ ಆ್ಯಪ್‌ನಲ್ಲೂ ಕಪ್ಪೇ ಬಂದರೆ ಮುಂದಿನ ಕ್ಯಾಮೆರಾಕ್ಕೆ, ಹಿಂದಿನ ಕ್ಯಾಮೆರಾಕ್ಕೆ ಬದಲಿಸಿ ನೋಡಿ. ಇವೆರಡೂ ಬೇರೆ ಬೇರೆ ಬಿಡಿಭಾಗಗಳು. ಒಂದು ಸರಿ ಇದ್ದು ಇನ್ನೊಂದು ಮಾತ್ರ ಸತ್ತಿದ್ದರೆ ಆ ಬಿಡಿಭಾಗಕ್ಕೇ ಪೆಟ್ಟಾಗಿರುವ ಸಂಭವ ಜಾಸ್ತಿ. ಎರಡೂ ಒಟ್ಟಿಗೇ ನಿಂತಿದ್ದರೆ ಹೆಚ್ಚಾಗಿ ಸಾಫ್ಟ್‌ವೇರ್ ತಕರಾರು, ಮನೆಯಲ್ಲೇ ಸರಿಮಾಡಬಹುದು.

ಸಾಫ್ಟ್‌ವೇರ್ ತಕರಾರಾದರೆ

ಮೊದಲು ಫೋನ್ ಆಫ್ ಮಾಡಿ ಆನ್ ಮಾಡಿ. ನಗಬೇಡಿ, ಇನ್ಯಾವುದೋ ಆ್ಯಪ್ ಕ್ಯಾಮೆರಾವನ್ನು ಹಿಡಿದಿಟ್ಟುಕೊಂಡಿದ್ದರೆ ಇದರಿಂದಲೇ ಬಿಡುಗಡೆ ಆಗುತ್ತದೆ.

ಆಂಡ್ರಾಯ್ಡ್ 12 ಮತ್ತು ಅದಕ್ಕಿಂತ ಹೊಸದರಲ್ಲಿ ಇಡೀ ಫೋನಿನ ಕ್ಯಾಮೆರಾ ಬಂದ್ ಮಾಡುವ ಒಂದು ಸ್ವಿಚ್ ಇದೆ, ಹೆಸರು 'ಕ್ಯಾಮೆರಾ ಆ್ಯಕ್ಸೆಸ್'. ಮೇಲಿನಿಂದ ಪರದೆ ಎಳೆದಾಗ ವೈಫೈ, ಟಾರ್ಚ್ ಬಟನ್‌ಗಳ ಪಕ್ಕದಲ್ಲಿ ಇರಬಹುದು. ಜೇಬಿನಲ್ಲೋ, ಮಕ್ಕಳ ಕೈಯಲ್ಲೋ ಅದು ಒತ್ತಿಹೋದರೆ ಎಲ್ಲ ಆ್ಯಪ್‌ನಲ್ಲೂ ಕಪ್ಪೇ. ಐಫೋನಿನಲ್ಲಿ ಕ್ಯಾಮೆರಾ ಐಕಾನೇ ಮಾಯವಾಗಿದ್ದರೆ ಸೆಟ್ಟಿಂಗ್ಸ್‌ನ 'ಸ್ಕ್ರೀನ್ ಟೈಮ್' ಒಳಗಿನ ನಿರ್ಬಂಧಗಳನ್ನು ನೋಡಿ. ಕಂಪನಿ ಕೊಟ್ಟ ಫೋನಾದರೆ ಕಂಪನಿಯೇ ಕ್ಯಾಮೆರಾ ಬಂದ್ ಮಾಡಿಸಿರಬಹುದು. ಐಟಿಯವರನ್ನು ಕೇಳಿ, ನೀವಾಗಿ ಕೆದಕಲು ಹೋಗಬೇಡಿ.

ಸ್ಟೋರೇಜ್ ತುಂಬಿದೆಯಾ ನೋಡಿ. ಗ್ರೂಪ್‌ಗಳಲ್ಲಿ ಬರುವ ಗುಡ್ ಮಾರ್ನಿಂಗ್ ವಿಡಿಯೊಗಳೇ ಫೋನ್ ತುಂಬಿಸಿರುತ್ತವೆ. ಜಾಗ ಇಲ್ಲದಿದ್ದರೆ ಫೋಟೋ ಸೇವ್ ಆಗೋದಿಲ್ಲ, ಆ್ಯಪ್ ಮಧ್ಯೆ ಮಧ್ಯೆ ಮುಚ್ಚಿಕೊಳ್ಳಬಹುದು.

ಆಮೇಲೆ ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಆ್ಯಪ್ಸ್, ಕ್ಯಾಮೆರಾ, ಸ್ಟೋರೇಜ್‌ಗೆ ಹೋಗಿ 'ಕ್ಲಿಯರ್ ಕ್ಯಾಶ್' ಒತ್ತಿ. ಇದರಿಂದ ನಿಮ್ಮ ಫೋಟೋ ಅಳಿಯೋದಿಲ್ಲ, ಹೆದರಬೇಡಿ. ಆದರೆ ಅಲ್ಲೇ ಇರುವ 'ಕ್ಲಿಯರ್ ಡೇಟಾ'ವನ್ನು ವಾಟ್ಸಾಪ್‌ಗೋ ಬ್ಯಾಂಕ್ ಆ್ಯಪ್‌ಗೋ ಕೈತಪ್ಪಿ ಒತ್ತಿಬಿಡಬೇಡಿ.

ಇಷ್ಟಾದರೂ ಸರಿಹೋಗದಿದ್ದರೆ ಸೇಫ್ ಮೋಡ್. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಆಫ್ ಮಾಡುವ ಪರದೆ ಬಂದಾಗ 'ಪವರ್ ಆಫ್' ಅನ್ನೋದನ್ನು ಒತ್ತಿ ಹಿಡಿದರೆ ಸೇಫ್ ಮೋಡ್ ಕೇಳುತ್ತದೆ. ಆಗ ನೀವು ಹಾಕಿಕೊಂಡ ಆ್ಯಪ್‌ಗಳು ಓಡೋದಿಲ್ಲ. ಅಲ್ಲಿ ಕ್ಯಾಮೆರಾ ಬಂದರೆ ಕಳ್ಳ ಸಿಕ್ಕಿದ ಹಾಗೇ: ಇತ್ತೀಚೆಗೆ ಹಾಕಿಕೊಂಡ ಯಾವುದೋ ಆ್ಯಪ್ ಕಾರಣ. ಫೋನನ್ನು ರೀಸ್ಟಾರ್ಟ್ ಮಾಡಿ, ಒಂದೊಂದಾಗಿ ತೆಗೆಯುತ್ತಾ ಬನ್ನಿ. ಯಾರೋ ಲಿಂಕ್ ಕಳಿಸಿದರು, ಫ್ರೀ ಕಾಲ್ ಅಂದರು ಅಂತ ಹಾಕಿಕೊಂಡ ಆ್ಯಪ್ ಮೊದಲು ಹೋಗಲಿ. ನೀವು ಕ್ಯಾಮೆರಾ ಬಳಸದೆ ಇದ್ದಾಗಲೂ ಪರದೆಯ ಮೇಲ್ತುದಿಯಲ್ಲಿ ಹಸಿರು ಚುಕ್ಕೆ ಕಂಡರೆ ಯಾವುದೋ ಆ್ಯಪ್ ಕ್ಯಾಮೆರಾ ನಡೆಸುತ್ತಿರಬಹುದು. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಇಲ್ಲಿನ ಬಿಸಿಲು, ಧೂಳು, ಬೈಕು

ಕೊಲ್ಲಿಯ ಫೋನಿಗೆ ಕೊಲ್ಲಿಯದೇ ಕಾಯಿಲೆಗಳಿವೆ. ಐಫೋನನ್ನು 0ರಿಂದ 35 ಡಿಗ್ರಿ ಸೆಲ್ಸಿಯಸ್ ಒಳಗಿನ ವಾತಾವರಣದಲ್ಲಿ ಬಳಸಿ ಎಂದು ಆಪಲ್ ಹೇಳುತ್ತದೆ. ನಮ್ಮ ಜುಲೈ ಮಧ್ಯಾಹ್ನಕ್ಕೆ ಅದು ಹೇಗೆ ಸಾಕಾದೀತು? ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಎಂಬ ನಿಯಮ ಮನುಷ್ಯರಿಗಿದೆ. ಫೋನಿಗೂ ಅದೇ ವಿರಾಮ ಕೊಡಿ. ಕಾದ ಫೋನು ತನ್ನನ್ನು ಉಳಿಸಿಕೊಳ್ಳಲು ಫ್ಲ್ಯಾಶ್, ಕ್ಯಾಮೆರಾ ನಿಲ್ಲಿಸಬಹುದು. ನೆರಳಲ್ಲಿ ಇಟ್ಟು ತಾನಾಗಿ ತಣಿಯಲು ಬಿಡಿ. ಫ್ರಿಜ್ಜಿನಲ್ಲಿ ಇಡಬೇಡಿ, ಒಳಗೆ ನೀರು ಕೂರುತ್ತದೆ.

ಎಸಿ ರೂಮಿನಿಂದ ಹೊರಗೆ ಬಂದ ಕೂಡಲೇ ಚಿತ್ರ ಮಂಜು ಮಂಜಾದರೆ ಅದು ಕನ್ನಡಕಕ್ಕೆ ಕಟ್ಟುವಂಥದೇ ಆವಿ. ಸ್ವಲ್ಪ ಹೊತ್ತಲ್ಲಿ ಹೋಗುತ್ತದೆ. ಹೋಗದೆ ಗಾಜಿನ ಒಳಗೇ ಹನಿ ನಿಂತಿದ್ದರೆ ಮಾತ್ರ ಅಂಗಡಿಗೆ ತೋರಿಸಿ. ಸೈಟ್ ಗೇಟಿನಲ್ಲಿ ಕ್ಯಾಮೆರಾ ಮೇಲೆ ಸ್ಟಿಕ್ಕರ್ ಅಂಟಿಸುವ ಕಡೆ ಕೆಲಸವಾದರೆ, ಅದರ ಗೋಂದು ಲೆನ್ಸ್ ಮೇಲೆ ಉಳಿದಿರುತ್ತದೆ. ಮೆತ್ತನೆಯ ಬಟ್ಟೆಯಲ್ಲಿ ನಿಧಾನಕ್ಕೆ ಒರೆಸಿ. ಮರಳಿನ ಧೂಳು ಇರುವಾಗ ತಿಕ್ಕಿದರೆ ಗೀರು ಬೀಳುತ್ತದೆ, ಮೊದಲು ಊದಿ.

ಡೆಲಿವರಿ ಕೆಲಸದ ತಮ್ಮಂದಿರೇ, ಇದು ನಿಮಗೆ. ಬೈಕ್ ಎಂಜಿನ್ನಿನ ನಡುಕ ಐಫೋನ್ ಕ್ಯಾಮೆರಾದ ಫೋಕಸ್ ಮತ್ತು ಕೈನಡುಕ ತಡೆಯುವ ವ್ಯವಸ್ಥೆಯನ್ನು ಹಾಳುಮಾಡಬಹುದು ಎಂದು ಆಪಲ್ 2021ರಲ್ಲೇ ಎಚ್ಚರಿಸಿದೆ. ಅಂಥ ವ್ಯವಸ್ಥೆ ಇರುವ ಬೇರೆ ಫೋನಿಗೂ ಇದು ಒಳ್ಳೆಯದಲ್ಲ. ಚಿತ್ರ ತಾನಾಗೇ ಅದುರುತ್ತಿದ್ದರೆ, ಫೋಕಸ್ ನಿಲ್ಲದಿದ್ದರೆ ಇದನ್ನು ಅನುಮಾನಿಸಿ. ಹ್ಯಾಂಡಲ್ಲಿಗೆ ನೇರವಾಗಿ ಬಿಗಿಯುವ ಬದಲು ನಡುಕ ತಡೆಯುವ ಹೋಲ್ಡರ್ ಬಳಸಿ. ಮ್ಯಾಗ್ನೆಟ್ ಇರುವ ಕವರ್ ಹಾಕಿದ್ದರೆ ಒಮ್ಮೆ ತೆಗೆದೂ ನೋಡಿ.

ಅಂಗಡಿಗೇ ಹೋಗಬೇಕಾದರೆ

ಬಿದ್ದಿದೆ, ನೀರು ಹೋಗಿದೆ, ಒಂದೇ ಕಡೆಯ ಕ್ಯಾಮೆರಾ ಸತ್ತಿದೆ ಅಂದರೆ ರಿಪೇರಿಯೇ ದಾರಿ. ಹೋಗುವ ಮೊದಲು ಫೋಟೋ, ನಂಬರ್‌ಗಳನ್ನು ಬ್ಯಾಕಪ್ ಮಾಡಿ. ಸಿಮ್, ಮೆಮೊರಿ ಕಾರ್ಡ್ ತೆಗೆದಿಟ್ಟುಕೊಳ್ಳಿ. ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಕೊಡಬೇಡಿ. ಮನೆಯವರ ಫೋಟೋ, ಬ್ಯಾಂಕ್ ಎಲ್ಲ ಅದರಲ್ಲೇ ಇದೆ. ಹೊಸ ಸ್ಯಾಮ್‌ಸಂಗ್ ಫೋನ್‌ಗಳಲ್ಲಿ 'ಮೇಂಟೆನೆನ್ಸ್ ಮೋಡ್' ಇದೆ. ಅದನ್ನು ಆನ್ ಮಾಡಿ ಕೊಟ್ಟರೆ ನಿಮ್ಮ ಫೋಟೋ, ಮೆಸೇಜ್ ಅವರಿಗೆ ಕಾಣೋದಿಲ್ಲ. ಆಗದಿದ್ದರೆ ಎದುರಿಗೇ ನಿಂತು ಮಾಡಿಸಿ. ದರ ಎಷ್ಟು, ಒರಿಜಿನಲ್ ಪಾರ್ಟೋ ಅಲ್ಲವೋ, ಎಷ್ಟು ದಿನ ವಾರಂಟಿ ಅಂತ ಬಿಲ್ಲಿನಲ್ಲಿ ಬರೆಸಿ. ಐಫೋನ್ 12 ಮತ್ತು ಅನಂತರದವುಗಳಲ್ಲಿ ಕ್ಯಾಮೆರಾ ಬದಲಿಸಿದ್ದರೆ ಸೆಟ್ಟಿಂಗ್ಸ್‌ನ 'ಅಬೌಟ್' ಪುಟದಲ್ಲಿ ಅದು ತೋರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗಲೂ ಅಲ್ಲಿ ಇಣುಕಿ ನೋಡಿ.

ಸರಿಯಾಯಿತಾ ಅಂತ ಪರೀಕ್ಷಿಸುವಾಗ ದಾರಿಯಲ್ಲಿ ಹೋಗುವವರ ಫೋಟೋ ತೆಗೆಯಬೇಡಿ. ಅನುಮತಿ ಇಲ್ಲದೆ ಇತರರ ಚಿತ್ರ ತೆಗೆದರೆ ಇಲ್ಲಿ ಕೇಸ್ ಆಗಬಹುದು. ಗೋಡೆಯೋ, ನಿಮ್ಮದೇ ಕೈಯೋ ಸಾಕು.

ಪ್ರಶ್ನೆ ಕಳಿಸಿದ ಅಣ್ಣನಿಗೆ: ಮೊದಲು 'ಕ್ಯಾಮೆರಾ ಆ್ಯಕ್ಸೆಸ್' ಸ್ವಿಚ್, ಆಮೇಲೆ ಸೇಫ್ ಮೋಡ್. ಏನಾಯಿತು ಅಂತ ಬರೆದು ತಿಳಿಸಿ. ನಿಮ್ಮ ರೂಮಿನಲ್ಲಿ ಓದು ಬಾರದವರಿದ್ದರೆ ಇದನ್ನು ಓದಿ ಹೇಳಿ. ಫೋನು ಚೆನ್ನಾಗಿರುವವರು ಇವತ್ತೇ ಒಂದು ಕೆಲಸ ಮಾಡಿ: ಪಾಸ್‌ಪೋರ್ಟ್, ಎಮಿರೇಟ್ಸ್ ಐಡಿ, ಕೆಲಸದ ಕರಾರುಪತ್ರ ಇವುಗಳ ಫೋಟೋ ತೆಗೆದು ಊರಿನಲ್ಲಿ ನಂಬಿಕೆಯವರೊಬ್ಬರ ಹತ್ತಿರ ಇಟ್ಟಿರಿ. ಕ್ಯಾಮೆರಾ ಕೈಕೊಡುವ ದಿನ ಹೇಳಿ ಬರುವುದಿಲ್ಲ.