ಗೋಡೆಗೆ ಮೂರು ಅಗಲ, ಮೂರು ಎತ್ತರ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಎಲ್ಲರಿಗೂ ಗೊತ್ತು. ಗೋಡೆ ಇದ್ದಷ್ಟು ಚಿತ್ರ ಮಾಡಿಸು ಎಂಬುದೂ ಗಾದೆಯಾಗುವ ಕಾಲ ಈಗ ಬಂದಿದೆ. ಒಂದು ಫೋಟೊ ಮತ್ತು ಗೋಡೆಯ ಅಳತೆ ಕಳಿಸಿದರೆ ಸಾಕು, ಗೋಡೆ ತುಂಬುವಂಥ ಚಿತ್ರ ಕಾಗದದ ಪಟ್ಟಿಗಳ ಮೇಲೆ ಮುದ್ರಣವಾಗಿ, ಸುರುಳಿ ಸುತ್ತಿಕೊಂಡು ಮನೆ ಬಾಗಿಲಿಗೇ ಬರುತ್ತದೆ. ಅಂಗಡಿಯವರು ಗೋಡೆಯನ್ನು ನೋಡುವುದಿಲ್ಲ. ಅವರಿಗೆ ಸಿಗುವುದು ಎರಡು ಅಂಕಿ ಮಾತ್ರ. ಅಂಕಿ ತಪ್ಪಾದರೆ ಚಿತ್ರವೂ ತಪ್ಪು. ಒಬ್ಬರ ಗೋಡೆಗೆಂದು ಮಾಡಿದ್ದು ಇನ್ನೊಬ್ಬರ ಗೋಡೆಗೆ ಒದಗುವುದಿಲ್ಲವಾದ್ದರಿಂದ ಇಂಥ ಮಾಲನ್ನು ಸಾಮಾನ್ಯವಾಗಿ ಯಾರೂ ವಾಪಸು ತೆಗೆದುಕೊಳ್ಳುವುದಿಲ್ಲ.

ಶಹಾಪುರ ತಾಲ್ಲೂಕಿನ ವನದುರ್ಗವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಸುರಪುರದ ನಾಯಕ ಅರಸರ ಕಾಲದ ಕೋಟೆಯಿರುವ ಊರು ಅದು. ಅಲ್ಲಿನ ಹಳೆಯ ವಿದ್ಯಾರ್ಥಿಗಳು ಸೇರಿ, ಆ ಕೋಟೆಯ ದೊಡ್ಡ ಚಿತ್ರವೊಂದನ್ನು ತಾವು ಓದಿದ ಶಾಲೆಯ ಗೋಡೆಗೆ ಹಾಕಿಸಲು ಹೊರಟಿದ್ದಾರೆ ಎಂದಿಟ್ಟುಕೊಳ್ಳೋಣ. ಊರಲ್ಲಿದ್ದವರು ಚಂದಾ ಕೊಟ್ಟಿದ್ದಾರೆ. ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋದವರೂ ಕೂಲಿಯಲ್ಲಿ ಉಳಿಸಿ ನೂರು, ಇನ್ನೂರು ಕಳಿಸಿದ್ದಾರೆ. ಇಂಥ ದುಡ್ಡಿನಲ್ಲಿ ಎರಡನೆಯ ಸಲ ಮುದ್ರಿಸುವ ಮಾತೇ ಇಲ್ಲ. ಒಬ್ಬ ಹುಡುಗ ಟೇಪು ಹಿಡಿದು, ನೆಲದ ಹತ್ತಿರ ಅಗಲ ಅಳೆದು, ಮೂಲೆಯಲ್ಲಿ ಎತ್ತರ ಅಳೆದು, ‘ಹದಿನೆಂಟು ಅಡಿ, ಒಂಬತ್ತು ಅಡಿ’ ಎಂದು ಬರೆದುಕೊಳ್ಳುತ್ತಾನೆ. ಕೆಲಸ ಕೆಡುವುದು ಅಲ್ಲಿಯೇ.

ಗೋಡೆ ನೋಡುವುದಕ್ಕೆ ಆಯತ. ಅಳೆದರೆ ಆಯತವಲ್ಲ. ಕಲ್ಲು ಮಣ್ಣಿನ ಹಳೆಯ ಗೋಡೆಯಾಗಿದ್ದರಂತೂ ಉಬ್ಬು ತಗ್ಗು ಸಹಜ. ಸಿಮೆಂಟಿನ ಹೊಸ ಗೋಡೆಯಲ್ಲೂ ಗಿಲಾವಿನ ದಪ್ಪ ಎಲ್ಲ ಕಡೆ ಒಂದೇ ಇರುವುದಿಲ್ಲ. ಮೇಲಾಗಿ ಎರೆಭೂಮಿಯ ಗುಣ ಬೇರೆ ಇದೆ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಬಿರುಕು ಬಿಡುತ್ತದೆ. ಅದರ ಮೇಲೆ ಆಳವಿಲ್ಲದ ಪಾಯ ಹಾಕಿ ನಿಲ್ಲಿಸಿದ ಗೋಡೆ ವರ್ಷ ವರ್ಷವೂ ಅಷ್ಟಿಷ್ಟು ಅಲುಗಿ, ಒಂದು ಮೂಲೆ ಕುಸಿಯುವುದುಂಟು.

ಆದ್ದರಿಂದ ಅಗಲವನ್ನು ಮೂರು ಕಡೆ ಅಳೆಯಬೇಕು: ನೆಲದ ಹತ್ತಿರ, ನಡುವೆ, ಛಾವಣಿಯ ಕೆಳಗೆ. ಎತ್ತರವನ್ನೂ ಹಾಗೆಯೇ ಎಡಕ್ಕೆ, ನಡುವೆ, ಬಲಕ್ಕೆ ಅಳೆಯಬೇಕು. ನಮ್ಮ ಗೋಡೆಯ ಅಗಲ ಕೆಳಗೆ 18 ಅಡಿ, ನಡುವೆ 17 ಅಡಿ 11 ಇಂಚು, ಮೇಲೆ 18 ಅಡಿ ಒಂದೂವರೆ ಇಂಚು ಬಂತೆನ್ನಿ. ಎತ್ತರ ಎಡಕ್ಕೆ 9 ಅಡಿ, ನಡುವೆ 8 ಅಡಿ 11 ಇಂಚು, ಬಲಕ್ಕೆ 9 ಅಡಿ 2 ಇಂಚು. ಹುಡುಗ ಬರೆದುಕೊಂಡ ಅಂಕಿಯಂತೆ ಚಿತ್ರ ತರಿಸಿದರೆ ಬಲಗಡೆ ಎರಡು ಇಂಚು ಸುಣ್ಣದ ಗೋಡೆ ಬರಿದಾಗಿ ಕಾಣುತ್ತಿತ್ತು.

ಹಾಗಾದರೆ ಯಾವ ಅಂಕಿ ಕಳಿಸಬೇಕು? ಇಲ್ಲಿ ನೆನಪಿಡಬೇಕಾದ ಸೂತ್ರ ಒಂದೇ: ದೊಡ್ಡ ಅಳತೆ ಕಾಗದಕ್ಕೆ, ಸಣ್ಣ ಅಳತೆ ಚಿತ್ರಕ್ಕೆ. ಅತಿ ದೊಡ್ಡ ಅಗಲ, ಅತಿ ದೊಡ್ಡ ಎತ್ತರ ತೆಗೆದುಕೊಂಡು ನಾಲ್ಕೂ ಬದಿಗೆ ಎರಡೆರಡು ಇಂಚು ಸೇರಿಸಿದರೆ 18 ಅಡಿ ಐದೂವರೆ ಇಂಚು ಅಗಲ, 9 ಅಡಿ 6 ಇಂಚು ಎತ್ತರವಾಗುತ್ತದೆ. ಕಾಗದ ಇಷ್ಟು ಬರಲಿ. ಹೆಚ್ಚಾದದ್ದನ್ನು ಅಂಟಿಸಿದ ಮೇಲೆ ಕತ್ತರಿಸಬಹುದು. ಆದರೆ ಕೋಟೆಯ ಬಾಗಿಲು, ಬುರುಜು, ಊರಿನ ಹೆಸರು ಮೊದಲಾದ ಮುಖ್ಯ ಭಾಗಗಳೆಲ್ಲ ಅತಿ ಸಣ್ಣ ಅಳತೆಯ ಒಳಗೇ ಇರಬೇಕು. ಅಂಚಿನಲ್ಲಿ ಇಟ್ಟದ್ದು ಕತ್ತರಿಗೆ ಹೋದೀತು. ಚೌಕಟ್ಟಿನೊಳಗೆ ಕೂರಿಸುವ ಗಟ್ಟಿ ಹಲಗೆಯಾದರೆ ಮಾತು ಬೇರೆ. ಅದು ಅತಿ ಸಣ್ಣ ಅಳತೆಗಿಂತ ತುಸು ಕಡಿಮೆಯೇ ಇರಬೇಕು, ಇಲ್ಲವಾದರೆ ಒಳಗೆ ಹೋಗುವುದೇ ಇಲ್ಲ.

ಅಂಕಿ ಬರೆಯುವುದರಲ್ಲೂ ಒಂದು ಗುಂಡಿ ಇದೆ. ಹನ್ನೆರಡು ಅಡಿ ಹತ್ತು ಇಂಚನ್ನು ನಮ್ಮಲ್ಲಿ ಅನೇಕರು 12.10 ಎಂದು ಬರೆಯುತ್ತಾರೆ. ಗಣಕಯಂತ್ರ ಇದನ್ನು ದಶಮಾಂಶವೆಂದು ಓದುತ್ತದೆ. ಅದರ ಪ್ರಕಾರ 12.10 ಅಡಿ ಎಂದರೆ ಹನ್ನೆರಡು ಅಡಿ ಒಂದೂಕಾಲು ಇಂಚಿಗೂ ತುಸು ಕಡಿಮೆ. ಒಂದು ಚುಕ್ಕೆಯಿಂದ ಸುಮಾರು ಒಂಬತ್ತು ಇಂಚು ಮಾಯ! ಆದ್ದರಿಂದ ಮಿಲಿಮೀಟರಿನಲ್ಲಿ ಬರೆಯುವುದು ಕ್ಷೇಮ. ಒಂದು ಇಂಚಿಗೆ 25.4 ಮಿಲಿಮೀಟರು. ನಮ್ಮ ಕಾಗದದ ಅಳತೆ ಆಗ 5,626 ಮತ್ತು 2,896. ಇಲ್ಲಿ ಚುಕ್ಕೆಯೂ ಇಲ್ಲ, ಗೊಂದಲವೂ ಇಲ್ಲ.

ಟೇಪಿನ ವಿಷಯಕ್ಕೆ ಬಂದರೆ, ದರ್ಜಿಯ ಬಟ್ಟೆ ಟೇಪು ಹಿಗ್ಗುತ್ತದೆ, ಅದು ಬೇಡ. ಉಕ್ಕಿನ ಟೇಪಿನ ತುದಿಯ ಕೊಕ್ಕೆ ಅಲುಗಾಡುತ್ತದೆಂದು ಕೆಲವರು ಅದನ್ನು ಬಡಿದು ಬಿಗಿಮಾಡುತ್ತಾರೆ. ಅದು ತಪ್ಪು. ಕೊಕ್ಕೆ ತನ್ನದೇ ದಪ್ಪದಷ್ಟು ಸರಿಯಬೇಕೆಂದೇ ಹಾಗೆ ಮಾಡಿರುತ್ತಾರೆ. ಒತ್ತಿ ಅಳೆದರೂ, ಸಿಕ್ಕಿಸಿ ಎಳೆದು ಅಳೆದರೂ ಸರಿಯಾದ ಅಂಕಿ ಬರಲೆಂಬುದು ಅದರ ಉದ್ದೇಶ. ಇನ್ನು ಬೇಸಿಗೆಯಲ್ಲಿ ಉಕ್ಕು ಹಿಗ್ಗುವುದಿಲ್ಲವೇ ಎಂದು ಯಾರಾದರೂ ಕೇಳಿಯಾರು. ಹಿಗ್ಗುತ್ತದೆ. ಆದರೆ ಇಪ್ಪತ್ತು ಡಿಗ್ರಿ ಬಿಸಿ ಏರಿದರೂ ಹದಿನೆಂಟು ಅಡಿಗೆ ಬರುವ ವ್ಯತ್ಯಾಸ ಒಂದೂವರೆ ಮಿಲಿಮೀಟರಿನೊಳಗೆ. ಬಿಸಿಲಿಗೆ ಹೆದರಬೇಕಾಗಿಲ್ಲ, ಹೆದರಬೇಕಾದ್ದು ಜೋತುಬಿದ್ದ ಟೇಪಿಗೆ ಮತ್ತು ಅವಸರಕ್ಕೆ.

ಅಗಲ ಎತ್ತರ ಸರಿಯಿದ್ದರೂ ಗೋಡೆ ಓರೆಯಾಗಿರಬಹುದು. ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನೂ ಅಳೆದರೆ ಅದು ಹೊರಬೀಳುತ್ತದೆ. 18 ಅಡಿ, 9 ಅಡಿಯ ನಿಜವಾದ ಆಯತದಲ್ಲಿ ಎರಡೂ ಕರ್ಣ 20 ಅಡಿ ಒಂದೂವರೆ ಇಂಚು ಇರಬೇಕು. ಶಾಲೆಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯ ಇಲ್ಲಿ ಉಪಯೋಗಕ್ಕೆ ಬಂತು! ಜೊತೆಗೆ ಮೂಲೆಯಲ್ಲಿ ತೂಕದ ಗುಂಡು ಇಳಿಬಿಟ್ಟು ನೋಡಬೇಕು. ಮೂಲೆ ಒಂಬತ್ತು ಅಡಿಗೆ ಒಂದು ಇಂಚು ವಾಲಿದ್ದು, ಮೊದಲ ಪಟ್ಟಿಯನ್ನು ಆ ಮೂಲೆಗೇ ಹೊಂದಿಸಿ ಅಂಟಿಸಿದರೆ ಏನಾಗುತ್ತದೆ? ಪಟ್ಟಿ ಎಷ್ಟು ವಾಲಿತೋ ಚಿತ್ರದ ಅಡ್ಡಗೆರೆಗಳೂ ಅಷ್ಟೇ ವಾಲುತ್ತವೆ. ಹದಿನೆಂಟು ಅಡಿ ದಾಟುವಷ್ಟರಲ್ಲಿ ಎರಡು ಇಂಚು ಏರುಪೇರು. ಕೋಟೆಯ ಕಂದಕದ ನೀರು ಒಂದು ಬದಿಗೆ ಎರಡು ಇಂಚು ಮೇಲೇರಿ ನಿಲ್ಲುತ್ತದೆ! ನೀರು ಹಾಗೆ ನಿಲ್ಲುವುದಿಲ್ಲವೆಂದು ಒಂದನೆಯ ತರಗತಿಯ ಮಗುವಿಗೂ ಗೊತ್ತು. ಆದ್ದರಿಂದ ಮೊದಲ ಪಟ್ಟಿಗೆ ಆಧಾರ ಗುಂಡಿನ ದಾರ, ಮೂಲೆಯಲ್ಲ.

ಅಳತೆ ಸಿಕ್ಕ ಮೇಲೆ ಫೋಟೊವನ್ನು ಅದರ ಜೊತೆ ಹೋಲಿಸಬೇಕು. ಕ್ಯಾಮೆರಾದ ಫೋಟೊ ಸಾಮಾನ್ಯವಾಗಿ ಮೂರಕ್ಕೆ ಎರಡರ ಪ್ರಮಾಣದ್ದು. ಹದಿನೆಂಟು ಅಡಿ ಅಗಲ ತುಂಬಿಸಿದರೆ ಎತ್ತರ ಹನ್ನೆರಡು ಅಡಿ ಬೇಕು, ಗೋಡೆಯಲ್ಲಿರುವುದು ಒಂಬತ್ತು. ಕಾಲು ಭಾಗ ಹೋಗಲೇಬೇಕು. ಆಕಾಶ ಹೋದರೆ ನಷ್ಟವಿಲ್ಲ, ಕಂದಕ ಹೋದರೆ ನಷ್ಟ. ಏನು ಬಿಡಬೇಕೆಂದು ಊರಿನವರೇ ಗೆರೆ ಹಾಕಿ ತಿಳಿಸಬೇಕು. ಕೋಟೆ ನೋಡದ ಅಂಗಡಿಯವರಿಗೆ ಅದನ್ನು ಬಿಡಬಾರದು. ಕಿಟಕಿ, ಸ್ವಿಚ್ಚಿನ ಹಲಗೆ ಇದ್ದರೆ ನೆಲದಿಂದ ಎಷ್ಟು, ಎಡಮೂಲೆಯಿಂದ ಎಷ್ಟು ಎಂದು ಸಣ್ಣ ನಕ್ಷೆ ಬರೆದು ಕಳಿಸುವುದೂ ಅಗತ್ಯ.

ಗೋಡೆ ಮೊದಲು, ಚಿತ್ರ ಆಮೇಲೆ ಎಂಬುದನ್ನು ಮರೆತದ್ದಕ್ಕೆ ದೊಡ್ಡ ಬೆಲೆ ತೆತ್ತವರುಂಟು. ಹಾಲೆಂಡಿನ ರೆಂಬ್ರಾಂಟ್ 1642ರಲ್ಲಿ ಮುಗಿಸಿದ ‘ನೈಟ್ ವಾಚ್’ ಜಗತ್ಪ್ರಸಿದ್ಧ ಚಿತ್ರ. 1715ರಲ್ಲಿ ಅದನ್ನು ಆಮ್‌ಸ್ಟರ್‌ಡ್ಯಾಮಿನ ಪುರಭವನಕ್ಕೆ ಸಾಗಿಸಿದಾಗ ಅಲ್ಲಿನ ಗೋಡೆಗೆ ಅದು ಹಿಡಿಸಲಿಲ್ಲ. ಗೋಡೆಯನ್ನು ಬದಲಿಸಲಾದೀತೇ? ಚಿತ್ರವನ್ನೇ ನಾಲ್ಕೂ ಬದಿಗೆ ಕತ್ತರಿಸಿದರು. ಎಡಗಡೆಯೊಂದರಲ್ಲೇ ಸುಮಾರು 60 ಸೆಂಟಿಮೀಟರು ಹೋಯಿತು, ಅಲ್ಲಿ ನಿಂತಿದ್ದ ಮನುಷ್ಯರೂ ಹೋದರು. ಆ ತುಂಡುಗಳು ಇಂದಿಗೂ ಸಿಕ್ಕಿಲ್ಲ. ಹಳೆಯ ನಕಲೊಂದನ್ನು ನೋಡಿ, ಗಣಕಯಂತ್ರದ ನೆರವಿನಿಂದ ಹೋದ ಭಾಗವನ್ನು ಮತ್ತೆ ಮೂಡಿಸಿ ಜೋಡಿಸಿ ತೋರಿಸಿದ್ದು 2021ರಲ್ಲಿ, ಮುನ್ನೂರಾರು ವರ್ಷಗಳ ನಂತರ.

ವನದುರ್ಗದಂಥ ಊರಿಗೆ ಇಷ್ಟೆಲ್ಲ ಕಲಿಸಲು ಹೊರಗಿನವರು ಬರಬೇಕಾಗಿಲ್ಲ. ಗುಳೆ ಹೋದವರ ನಡುವೆ ಗೌಂಡಿಗಳು ಇದ್ದೇ ಇರುತ್ತಾರೆ. ಇನ್ನೊಬ್ಬರ ಮನೆಯ ಗೋಡೆಗಳನ್ನು ಗುಂಡು ಹಿಡಿದು ನೆಟ್ಟಗೆ ನಿಲ್ಲಿಸುವ ಕೈಗಳು ಅವು. ಹಬ್ಬಕ್ಕೆ ಊರಿಗೆ ಬಂದಾಗ ಅಂಥವರೊಬ್ಬರನ್ನು ಶಾಲೆಗೆ ಕರೆಯಿಸಿ, ಮಕ್ಕಳ ಕೈಗೆ ಟೇಪಿನ ಇನ್ನೊಂದು ತುದಿ ಕೊಟ್ಟು ಅಳೆಸಬೇಕು. ಇಬ್ಬರು ಬೇರೆ ಬೇರೆಯಾಗಿ ಅಳೆದು, ಎರಡೂ ಅಂಕಿ ತಾಳೆಯಾದ ಮೇಲೆ ದುಡ್ಡು ಕಟ್ಟಬೇಕು. ಅಳೆಯಲು ಬೇಕಾದದ್ದು ಅರ್ಧ ಗಂಟೆ. ಚಿತ್ರ ಮಾತ್ರ ವರ್ಷಗಟ್ಟಲೆ ಮಕ್ಕಳ ಕಣ್ಣೆದುರಿಗೆ ಇರುತ್ತದೆ.