ಮಿದುಳಿನೊಳಗಿನ ಅಟ್ಟಳಿಗೆ

ಮಕ್ಕಳೇ, ನಮ್ಮ ವೇಣೂರಿನ ಬಾಹುಬಲಿಯನ್ನು ನೋಡಿದ್ದೀರಲ್ಲ? 1604ರಲ್ಲಿ ತಿಮ್ಮಣ್ಣ ಅಜಿಲ ಅರಸರು ನಿಲ್ಲಿಸಿದ ವಿಗ್ರಹ. ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ. ಕಳೆದ ಸಲ ನಡೆದದ್ದು 2024ರಲ್ಲಿ. ಆಗ ಎತ್ತರದ ಅಟ್ಟಳಿಗೆ ಕಟ್ಟುತ್ತಾರೆ. ಕಲಶ ಹಿಡಿದವರು ಅದರ ಮೇಲೆ ಸರಿಯಾದ ಜಾಗದಲ್ಲಿ ನಿಂತರೆ ಮಾತ್ರ ಹಾಲು, ಎಳನೀರು ಸ್ವಾಮಿಯ ನೆತ್ತಿಗೆ ಬೀಳುತ್ತದೆ. ಒಂದು ಮಾರು ಆಚೆ ನಿಂತರೆ ಎಲ್ಲವೂ ನೆಲದ ಪಾಲು.

ಇಂಥದೇ ಅಟ್ಟಳಿಗೆ ನಿಮ್ಮ ಮಿದುಳಿನೊಳಗೂ ಇದೆ ಎಂದರೆ ನಂಬುತ್ತೀರಾ?

ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಜಾಗಕ್ಕೆ ಸಿನಾಪ್ಸ್ ಎಂದು ಹೆಸರು. ಅಲ್ಲಿ ಎರಡು ಕೋಶಗಳ ನಡುವೆ ಸುಮಾರು 20 ನ್ಯಾನೋಮೀಟರ್ ಸಂದು ಇರುತ್ತದೆ. ಒಂದು ಮಿಲಿಮೀಟರನ್ನು 50,000 ಪಾಲು ಮಾಡಿ, ಅದರಲ್ಲಿ ಒಂದು ಪಾಲು ಅಷ್ಟೇ! ಬಹಳಷ್ಟು ಸಿನಾಪ್ಸ್‌ಗಳಲ್ಲಿ ಈ ಕಡೆಯ ಕೋಶ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಸಂದಿಗೆ ಚೆಲ್ಲುತ್ತದೆ. ಆ ಕಡೆ ಅದನ್ನು ಹಿಡಿದುಕೊಳ್ಳುವ ಪ್ರೋಟೀನುಗಳಿಗೆ ಗ್ರಾಹಕಗಳು ಎನ್ನುತ್ತಾರೆ. ಬ್ಯಾಂಕಿನ ಕೌಂಟರಿನಲ್ಲಿ ಕೂತು ಗ್ರಾಹಕರನ್ನೇ ನೋಡುತ್ತಿದ್ದ ನನಗೆ ಈ ಹೆಸರು ಕೇಳಿ ನಗು ಬಂತು. ಈ ಗ್ರಾಹಕಗಳೂ ಒಂದು ಕಡೆ ನಿಲ್ಲುವವಲ್ಲ. ಕೋಶದ ಪೊರೆಯಲ್ಲಿ ತೇಲುತ್ತಾ ಅತ್ತಿತ್ತ ಹೋಗುತ್ತವೆ. ಅವನ್ನು ಸರಿಯಾದ ಜಾಗದಲ್ಲಿ ಹಿಡಿದು ನಿಲ್ಲಿಸುವುದೇ ಅಟ್ಟಳಿಗೆ ಪ್ರೋಟೀನುಗಳ ಕೆಲಸ.

ಅವುಗಳಲ್ಲಿ ಮುಖ್ಯವಾದದ್ದು ಪಿಎಸ್‌ಡಿ-95. ದಾರಕ್ಕೆ ಐದು ಮಣಿ ಪೋಣಿಸಿದಂತೆ ಇದರಲ್ಲಿ ಐದು ಭಾಗಗಳಿವೆ. ಮೊದಲ ಮೂರು ಮಣಿಗಳಿಗೆ ಪಿಡಿಜೆಡ್ ಎಂದು ಹೆಸರು. ಅವುಗಳಲ್ಲಿ ಒಂದೊಂದು ಸಣ್ಣ ಕುಳಿ. ಕೆಲವು ಗ್ರಾಹಕಗಳ ಬಾಲದ ತುದಿ ಬೀಗದೊಳಗೆ ಕೀಲಿಕೈ ಕೂತಂತೆ ಆ ಕುಳಿಯಲ್ಲಿ ಬಂದು ಕೂರುತ್ತದೆ. ತುದಿಯ ಆಕಾರ ಬೇರೆಯಾದರೆ ಕೂರದು. ಉಳಿದ ಮಣಿಗಳು ಕೆಳಸಾಲಿನ ಪ್ರೋಟೀನುಗಳ ಕೈ ಹಿಡಿಯುತ್ತವೆ. ಹೀಗೆ ಶ್ಯಾಂಕ್, ಹೋಮರ್ ಎಂಬವುಗಳವರೆಗೆ ಕಟ್ಟು ಮುಂದುವರಿಯುತ್ತದೆ.

ನೀವು ಮಗ್ಗಿ ಬಾಯಿಪಾಠ ಮಾಡುವಾಗ ಕೆಲವು ಸಿನಾಪ್ಸ್‌ಗಳಲ್ಲಿ ಹೆಚ್ಚು ಗ್ರಾಹಕಗಳು ನೆಲೆಯಾಗಿ, ಸುದ್ದಿ ಗಟ್ಟಿಯಾಗಿ ಕೇಳಿಸತೊಡಗುತ್ತದೆ. ವೇಣೂರಿನ ಅಟ್ಟಳಿಗೆಯನ್ನು ಉತ್ಸವ ಮುಗಿದ ಮೇಲೆ ಬಿಚ್ಚುತ್ತಾರೆ. ಮಿದುಳಿನದ್ದು ಹಾಗಲ್ಲ. ಹಳೆಯ ಪ್ರೋಟೀನು ಹೋದಂತೆ ಅದರ ಜಾಗಕ್ಕೆ ಹೊಸದು ಬರುತ್ತಿರುತ್ತದೆ. ಕಟ್ಟು ನಿಂತೇ ಇರುತ್ತದೆ.

ಈ ಅಟ್ಟಳಿಗೆಗೆ ಅಂಟಿಕೊಂಡಿರುವ ಇನ್ನೊಂದು ಪ್ರೋಟೀನು ಸಿನ್‌ಗ್ಯಾಪ್. ಸುದ್ದಿ ಬಂದಾಗ ಕೋಶ ಅತಿಯಾಗಿ ಉತ್ತರಿಸದಂತೆ ತಡೆಯುವುದು ಇದರ ಕೆಲಸ. ಇದನ್ನು ತಯಾರಿಸುವ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಮಗುವಿಗೆ ಮಾತು, ಕಲಿಕೆ ತಡವಾಗುತ್ತದೆ, ಅಪಸ್ಮಾರವೂ ಬರುವುದುಂಟು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜೇಮ್ಸ್ ಕ್ಲೆಮೆಂಟ್ ಅವರ ತಂಡ ಈ ತೊಂದರೆಯ ಬಗ್ಗೆ ಇಲಿಗಳಲ್ಲಿ ಸಂಶೋಧನೆ ಮಾಡಿದೆ.

ಇನ್ನು ಅಜ್ಜ ಅಜ್ಜಿಯಂದಿರಿಗೆ ಒಂದು ಮಾತು. ಈ ಜೀನಿನ ದೋಷ ಹೆಚ್ಚಿನ ಮಕ್ಕಳಲ್ಲಿ ಹೊಸದಾಗಿ ಹುಟ್ಟಿಕೊಂಡದ್ದು. ತಂದೆತಾಯಿಯಲ್ಲಿ ಅದು ಇರುವುದೇ ಇಲ್ಲ. ಮಗುವಿಗೆ ಮಾತು ಬಾರದಿದ್ದರೆ "ಬಸುರಿಯಿದ್ದಾಗ ಏನು ತಿಂದಿದ್ದೆ? ಎಲ್ಲಿಗೆ ಹೋಗಿದ್ದೆ?" ಎಂದು ತಾಯಿಯನ್ನು ಕೇಳುವ ಬಾಯಿಗಳು ಎಲ್ಲ ಊರಲ್ಲೂ ಇವೆ. ದಯವಿಟ್ಟು ಕೇಳಬೇಡಿ. ಅವಳ ತಪ್ಪಿಲ್ಲ, ಮಗುವಿನ ಹಠವೂ ಅಲ್ಲ. ಆದಷ್ಟು ಬೇಗ ಮಕ್ಕಳ ವೈದ್ಯರಿಗೆ ತೋರಿಸಲು ಜೊತೆಗೆ ಹೋಗಿ.

ಮಕ್ಕಳೇ, ನಿಮ್ಮ ಕ್ಲಾಸಿನಲ್ಲಿ ನಿಧಾನವಾಗಿ ಕಲಿಯುವ ಗೆಳೆಯನಿದ್ದರೆ ನಾಳೆ ಅವನನ್ನೂ ಆಟಕ್ಕೆ ಕರೆಯಿರಿ. ಮುಂದಿನ ವಾರ ಸಿಗೋಣ.